ದೊಡ್ಡ ಮತ್ತು ಸಣ್ಣ ನಾಯಿಗಳ ಜೊತೆಸಾಕಣೆ

ದೊಡ್ಡ ಮತ್ತು ಸಣ್ಣ ನಾಯಿಗಳ ಜೊತೆಸಾಕಣೆ ಎಂದರೆ ದೇಹದ ಗಾತ್ರ, ತೂಕ ಹಾಗೂ ದವಡೆಯ ಬಲದಲ್ಲಿ ಬಹಳ ಅಂತರವಿರುವ ಎರಡು ಅಥವಾ ಹೆಚ್ಚಿನ ನಾಯಿಗಳನ್ನು ಒಂದೇ ಮನೆಯಲ್ಲಿ ಸಾಕುವುದು. ಇಂತಹ ಜೋಡಿಗಳು ಹಲವು ಮನೆಗಳಲ್ಲಿ ವರ್ಷಗಟ್ಟಲೆ ಅನ್ಯೋನ್ಯವಾಗಿ ಬಾಳುತ್ತವೆ. ಆದರೆ ಒಮ್ಮೆ ಕಾದಾಟವಾದರೆ ಅದರ ಫಲ ಸಮಬಲದ ನಾಯಿಗಳ ಕಾದಾಟದಂತೆ ಇರುವುದಿಲ್ಲ. ಮೂವತ್ತು ಕಿಲೋಗ್ರಾಂ ತೂಕದ ನಾಯಿಯು ಕ್ಷಣಮಾತ್ರ ಕಚ್ಚಿ ಒದರಿದರೂ ಐದು ಕಿಲೋಗ್ರಾಂ ತೂಕದ ನಾಯಿ ಸಾಯಬಹುದು. ಆದುದರಿಂದ ಈ ಸಾಕಣೆಯಲ್ಲಿ ನಾಯಿಗಳ ಒಳ್ಳೆಯ ಸ್ವಭಾವವೊಂದನ್ನೇ ನಂಬದೆ, ಮನೆಯ ವ್ಯವಸ್ಥೆಯನ್ನೂ ಮೇಲ್ವಿಚಾರಣೆಯನ್ನೂ ಆಧಾರವಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಈ ಲೇಖನದಲ್ಲಿ ವಿಷಯವನ್ನು ಹಾವೇರಿ ಜಿಲ್ಲೆಯ, ವಿಶೇಷವಾಗಿ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪರಿಸರದ ಉದಾಹರಣೆಗಳೊಂದಿಗೆ ವಿವರಿಸಲಾಗಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ನಾಯಿಸಾಕಣೆ ಬಹು ಪ್ರಾಚೀನವಾದುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಪ್ರಾಣಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಅಂದಿನ ನಾಯಿ ಬೇಟೆಗೆ, ಕಾವಲಿಗೆ ಮೀಸಲಾಗಿತ್ತು. ಮಡಿಲಲ್ಲಿ ಕೂರುವ ನಾಯಿ ಗ್ರಾಮೀಣ ಬದುಕಿನ ಭಾಗವಾಗಿರಲಿಲ್ಲ.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಈ ಬಯಲುಸೀಮೆಯಲ್ಲಿ ಕುರಿಗಾರರ ನಾಯಿ ಹಳೆಯ ಪರಿಚಯದ ಪ್ರಾಣಿ. ಕುರಿದಡ್ಡಿಯನ್ನು ರಾತ್ರಿ ಕಾಯುವ ಈ ನಾಯಿಗಳು ಹಿಂಡಿನ ನಡುವೆಯೇ ಬೆಳೆದು, ತಮಗಿಂತ ಸಣ್ಣದಾದ ಕುರಿಮರಿಯನ್ನು ಮುಟ್ಟದೆ ಇರುವುದನ್ನು ಎಳವೆಯಲ್ಲಿಯೇ ಕಲಿಯುತ್ತವೆ. ಎಳೆಯ ವಯಸ್ಸಿನ ಸಹವಾಸವು ಸ್ವಭಾವವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇನ್ನೊಂದು ಪರಂಪರೆ ಮುಧೋಳ ನಾಯಿಯದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ರಾಜಮನೆತನದ ಆಶ್ರಯದಲ್ಲಿ ಹೆಸರು ಪಡೆದ ಈ ತಳಿಯನ್ನು ಕರ್ವಾನಿ ಎಂದೂ, ಕಿವಿ ಮತ್ತು ಬಾಲದಲ್ಲಿ ಉದ್ದ ಕೂದಲಿರುವ ಬಗೆಯನ್ನು ಪಶ್ಮಿ ಎಂದೂ ಕರೆಯುವುದುಂಟು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಇದರ ಮರಿಗಳನ್ನು ಸೇನೆಯ ತರಬೇತಿಗಾಗಿ ಮೀರತ್‌ಗೆ ಒಯ್ಯಲಾಯಿತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಕೇಂದ್ರವಿದೆ.

ಪಟ್ಟಣದ ಮನೆಗಳಿಗೆ ಸಣ್ಣ ತಳಿಗಳು ಬಂದುದು ಇತ್ತೀಚೆಗೆ. ಮೊದಲು ಬಂದುದು ಬಿಳಿಯ ಜೂಲಿನ ‘ಪಾಮೇರಿಯನ್’. ಹೀಗೆ ಕರೆಯಲಾಗುವ ನಾಯಿಗಳಲ್ಲಿ ಬಹುಪಾಲು ವಾಸ್ತವದಲ್ಲಿ ಇಂಡಿಯನ್ ಸ್ಪಿಟ್ಜ್ ತಳಿಯವು. 2003ರ ಸುಮಾರಿಗೆ ಹಚ್ ಮೊಬೈಲ್ ಸಂಸ್ಥೆಯ ಜಾಹೀರಾತು ಪಗ್ ನಾಯಿಯನ್ನು ಮನೆಮಾತಾಗಿಸಿತು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಲನಚಿತ್ರದಲ್ಲಿನ ನಾಯಿ ಲ್ಯಾಬ್ರಡಾರ್. ಹೀಗೆ ಹಿತ್ತಲಲ್ಲಿ ಕಾವಲಿಗೊಂದು ದೊಡ್ಡ ನಾಯಿ, ಪಡಸಾಲೆಯಲ್ಲಿ ಮಕ್ಕಳಿಗೊಂದು ಸಣ್ಣ ನಾಯಿ ಇರುವ ಮನೆಗಳು ಜಿಲ್ಲೆಯ ಪಟ್ಟಣಗಳಲ್ಲಿ ಈಗ ಅಪರೂಪವಲ್ಲ.

ಗಾತ್ರದ ಅಂತರ

ಪಗ್ ನಾಯಿಯ ತೂಕ ಸಾಮಾನ್ಯವಾಗಿ 6ರಿಂದ 8 ಕಿ.ಗ್ರಾಂ.; ಸಣ್ಣ ಬಗೆಯ ಸ್ಪಿಟ್ಜ್ 5ರಿಂದ 7 ಕಿ.ಗ್ರಾಂ. ಇದಕ್ಕೆ ಪ್ರತಿಯಾಗಿ ಬೆಳೆದ ಮುಧೋಳ ನಾಯಿ 20 ಕಿ.ಗ್ರಾಂ.ಗೂ ಹೆಚ್ಚು, ಲ್ಯಾಬ್ರಡಾರ್ 25ರಿಂದ 36 ಕಿ.ಗ್ರಾಂ., ರಾಟ್‌ವೈಲರ್ 40 ಕಿ.ಗ್ರಾಂ. ದಾಟಬಹುದು. ಅಂದರೆ ಒಂದು ಇನ್ನೊಂದರ ನಾಲ್ಕೈದು ಪಟ್ಟು. ಅಪಾಯವನ್ನು ಅಳೆಯುವಾಗ ದೊಡ್ಡ ನಾಯಿ ಎಷ್ಟು ಕೋಪಿಷ್ಠವೆಂಬ ಪ್ರಶ್ನೆಯಷ್ಟೇ ಈ ಪಟ್ಟಿನ ಲೆಕ್ಕವೂ ಮುಖ್ಯ. ಸಾಧು ಲ್ಯಾಬ್ರಡಾರ್ ಆಟದ ಭರದಲ್ಲಿ ಮೈಮೇಲೆ ಬಿದ್ದರೂ ಸಣ್ಣ ಮರಿಯ ಕಾಲಿನ ಎಲುಬು ಮುರಿಯುತ್ತದೆ. ಪಗ್‌ನಂತಹ ಚಪ್ಪಟೆ ಮುಖದ ತಳಿಗಳಲ್ಲಿ ಕಣ್ಣುಗುಡ್ಡೆ ಮೇಲ್ಮೈಯಲ್ಲಿಯೇ ಇರುವುದರಿಂದ ಉಗುರಿನ ಒಂದು ಗೀರೂ, ಕುತ್ತಿಗೆಯ ಮೇಲಿನ ಒತ್ತಡವೂ ಕಣ್ಣಿಗೆ ಕುತ್ತು ತರಬಲ್ಲವು. ಉದ್ದ ಬೆನ್ನಿನ ಡ್ಯಾಶ್‌ಹುಂಡ್‌ಗೆ ಬೆನ್ನುಮೂಳೆಯ ತಟ್ಟೆಗಳು ಜಾರುವ ತೊಂದರೆ ಹೆಚ್ಚು. ಅದರ ಬೆನ್ನಿಗೆ ದೊಡ್ಡ ನಾಯಿಯ ಮುಂಗಾಲು ಬೀಳದಂತೆ ನೋಡಿಕೊಳ್ಳಬೇಕು.

ಬೆಳವಣಿಗೆಯ ವೇಗದಲ್ಲಿಯೂ ವ್ಯತ್ಯಾಸವಿದೆ. ಸಣ್ಣ ತಳಿಗಳು ವರ್ಷದೊಳಗೆ ಪ್ರೌಢವಾಗುತ್ತವೆ. ದೊಡ್ಡ ತಳಿಯ ನಾಯಿಯು ಒಂದೂವರೆ ವರ್ಷದವರೆಗೂ, ಕೆಲವೊಮ್ಮೆ ಎರಡು ವರ್ಷದವರೆಗೂ ಮನಸ್ಸಿನಲ್ಲಿ ಮರಿಯೇ. ದೇಹ ಮಾತ್ರ ಎಂಟು ತಿಂಗಳಲ್ಲೇ ಭಾರವಾಗಿರುತ್ತದೆ. ತನ್ನ ಬಲ ತನಗೆ ತಿಳಿಯದ ಈ ಅವಧಿಯೇ ಸಣ್ಣ ನಾಯಿಗೆ ಹೆಚ್ಚು ಗಂಡಾಂತರದ್ದು.

ಆಟವು ಬೇಟೆಯಾಗಿ ಹೊರಳುವುದು

ನಾಯಿಯ ಆಟದಲ್ಲಿ ಬೇಟೆಯ ಎಲ್ಲ ಹಂತಗಳೂ ಅಡಗಿವೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಒದರುವುದು. ಆಟದಲ್ಲಿ ಇವು ಅರ್ಧಕ್ಕೇ ನಿಲ್ಲುತ್ತವೆ. ಕೆಲವು ಸಂದರ್ಭಗಳಲ್ಲಿ ಈ ತಡೆ ಕಳಚಿಹೋಗಿ, ಆ ಕ್ಷಣಕ್ಕೆ ದೊಡ್ಡ ನಾಯಿಯ ಕಣ್ಣಿಗೆ ಮನೆಯ ಸಂಗಾತಿಯು ಓಡುತ್ತಿರುವ ಮೊಲದಂತೆ ತೋರುತ್ತದೆ. ಸಣ್ಣ ನಾಯಿ ಹೆದರಿ ಓಟ ಕಿತ್ತಾಗ, ಕೀರಲು ದನಿಯಲ್ಲಿ ಚೀರಿದಾಗ ಅಥವಾ ಗಾಯಗೊಂಡು ಹೊರಳಾಡುವಾಗ ಹೀಗಾಗುವ ಸಂಭವ ಹೆಚ್ಚು. ಎರಡು ದೊಡ್ಡ ನಾಯಿಗಳು ಒಟ್ಟಾಗಿ ಒಂದು ಸಣ್ಣದನ್ನು ಅಟ್ಟಿದರೆ ಸಂಭವ ಇನ್ನೂ ಹೆಚ್ಚು.

ಇದನ್ನು ಕೋಪವೆಂದು ತಿಳಿಯುವುದು ತಪ್ಪು. ಕೋಪಗೊಂಡ ನಾಯಿ ಗುರ್ರೆನ್ನುತ್ತದೆ, ಹಲ್ಲು ತೋರಿಸುತ್ತದೆ, ಅಂದರೆ ಎಚ್ಚರಿಸುತ್ತದೆ. ಬೇಟೆಯ ನಾಯಿ ಮೌನವಾಗಿರುತ್ತದೆ. ಮೈ ಬಿಗಿಯಾಗಿ, ತಲೆ ತಗ್ಗಿ, ದೃಷ್ಟಿ ನೆಟ್ಟು, ಬಾಯಿ ಮುಚ್ಚಿ ನಿಂತ ನಾಯಿಯನ್ನು ಕಂಡು ಮನೆಯವರು ‘ಎಷ್ಟು ಶಾಂತವಾಗಿದೆ’ ಎಂದುಕೊಳ್ಳುವುದುಂಟು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಪೂರ್ತಿ ನಿಜವಲ್ಲ. ಬೊಗಳದ ನಾಯಿ ಕಚ್ಚುವುದಿಲ್ಲ ಎಂದು ತಿಳಿದರಂತೂ ದೊಡ್ಡ ಪ್ರಮಾದ.

ಮುಧೋಳದಂತಹ ನಾಯಿಗಳನ್ನು ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯಲೆಂದೇ ತಲೆಮಾರುಗಳಿಂದ ಬೆಳೆಸಲಾಗಿದೆ. ದೂರದಲ್ಲಿ ಓಡುವ ಸಣ್ಣ ಬಿಳಿಯ ಆಕೃತಿಯನ್ನು ಕಂಡೊಡನೆ ಅವುಗಳ ಕಾಲು ಕೂಗಿಗಿಂತ ಮೊದಲೇ ಚಲಿಸಿರುತ್ತದೆ. ಮನೆಯೊಳಗೆ ಪಾಮೇರಿಯನ್ ಪಕ್ಕದಲ್ಲಿ ಮಲಗುವ ಮುಧೋಳ ನಾಯಿಯು ಹೊಲದ ಬಯಲಿನಲ್ಲಿ ಅದೇ ಪಾಮೇರಿಯನ್ನನ್ನು ಅಟ್ಟಿಸಿಕೊಂಡು ಹೋಗಬಹುದು. ಹೀಗಾಗಿ ತೆರೆದ ಬಯಲಿನಲ್ಲಿ ಇಂತಹ ಜೋಡಿಯನ್ನು ಒಟ್ಟಿಗೆ ಬಿಡದಿರುವುದು ಕ್ಷೇಮ. ರಾಣೆಬೆನ್ನೂರಿನ ಸುತ್ತ ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದುದು. ಜಿಂಕೆಗಳು ಅಭಯಾರಣ್ಯದ ಗಡಿ ದಾಟಿ ಹೊಲಗಳಿಗೂ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಅಟ್ಟಿಸುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಜಿಂಕೆ ಅಟ್ಟಿದ ರುಚಿ ಕಂಡ ನಾಯಿ ಮನೆಯ ಸಣ್ಣ ನಾಯಿಯ ಪಾಲಿಗೂ ನಂಬಿಗಸ್ತನಲ್ಲ.

ಸರಿಯಾದ ಆಟವನ್ನು ಗುರುತಿಸುವುದು ಕಷ್ಟವಲ್ಲ. ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು ಹಿಂಭಾಗ ಎತ್ತುವುದು ಆಟದ ಆಹ್ವಾನ. ಮೈ ಸಡಿಲವಾಗಿರುತ್ತದೆ. ದೊಡ್ಡದು ತಾನಾಗಿ ನೆಲಕ್ಕೆ ಮಲಗಿ ಸಣ್ಣದಕ್ಕೆ ಮೇಲುಗೈ ಕೊಡುತ್ತದೆ. ಅಟ್ಟುವವರೂ ಓಡುವವರೂ ಸರದಿಯಂತೆ ಬದಲಾಗುತ್ತಾರೆ. ಸಂಶಯ ಬಂದಾಗ ದೊಡ್ಡ ನಾಯಿಯನ್ನು ಅರೆಗಳಿಗೆ ಹಿಡಿದು ನಿಲ್ಲಿಸಿ ನೋಡಬೇಕು. ಸಣ್ಣದು ತಾನಾಗಿ ಮರಳಿ ಬಂದರೆ ಅದು ಆಟ, ಮಂಚದ ಕೆಳಗೆ ಸೇರಿಕೊಂಡರೆ ಆಟವಲ್ಲ.

ಪರಿಚಯ ಮಾಡಿಸುವ ಕ್ರಮ

ಹೊಸ ನಾಯಿಯನ್ನು ನೇರವಾಗಿ ಮನೆಯೊಳಗೆ ತಂದು ಹಳೆಯದರ ಮುಂದೆ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಮೊದಲ ಭೇಟಿ ಎರಡಕ್ಕೂ ಸೇರದ ಜಾಗದಲ್ಲಿ ಆಗಬೇಕು: ರಜಾದಿನದ ಶಾಲಾ ಮೈದಾನ, ಕೆರೆಯ ದಂಡೆ, ಬೆಳಗಿನ ಖಾಲಿ ರಸ್ತೆ. ಇಬ್ಬರು ಮನುಷ್ಯರು, ಎರಡು ಹಗ್ಗ. ಹತ್ತು ಹದಿನೈದು ಅಡಿ ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಯುತ್ತ, ದಿನಗಳು ಕಳೆದಂತೆ ಅಂತರವನ್ನು ಕಡಿಮೆ ಮಾಡಬೇಕು. ಎದುರುಬದುರಾಗಿ ಮುಖಕ್ಕೆ ಮುಖ ತರುವುದಕ್ಕಿಂತ ಜೊತೆಜೊತೆಗೆ ನಡೆಸುವುದು ನಾಯಿಗಳಿಗೆ ಸಹಜವಾದ ಪರಿಚಯ. ಸಣ್ಣ ನಾಯಿಗೆ ಕೊರಳಪಟ್ಟಿಗಿಂತ ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು.

ಸಣ್ಣ ನಾಯಿಯನ್ನು ತೋಳಿನಲ್ಲಿ ಎತ್ತಿಕೊಂಡು ‘ನೋಡು, ನೋಡು’ ಎಂದು ದೊಡ್ಡದರ ಮೂಗಿಗೆ ಹಿಡಿಯಬಾರದು. ಎತ್ತಿದ ನಾಯಿಗೆ ಓಡಲು ದಾರಿಯಿರುವುದಿಲ್ಲ. ಅದು ಭಯದಿಂದ ಮೊದಲು ಕಚ್ಚುತ್ತದೆ. ದೊಡ್ಡದು ಮೇಲಕ್ಕೆ ಹಾರುತ್ತದೆ. ಎತ್ತಿಕೊಂಡವರು ಮಗುವಾಗಿದ್ದರೆ ಕಚ್ಚು ಮಗುವಿನ ಮುಖಕ್ಕೆ ಬೀಳಬಹುದು.

ಮನೆಯೊಳಗೆ ತಂದ ಮೇಲೂ ಕೆಲವು ವಾರ ಬೇರೆ ಬೇರೆ ಕೋಣೆ ಇರಬೇಕು. ಒಂದರ ಹಾಸಿಗೆಯ ಬಟ್ಟೆಯನ್ನು ಇನ್ನೊಂದರ ಕೋಣೆಯಲ್ಲಿಟ್ಟರೆ ವಾಸನೆಯ ಪರಿಚಯವಾಗುತ್ತದೆ. ಬಾಗಿಲಿಗೆ ಅಡ್ಡ ಜಾಲರಿ ಅಥವಾ ಅರ್ಧಬಾಗಿಲು ಇಟ್ಟು ಪರಸ್ಪರ ಕಾಣುವಂತೆ ಮಾಡುವುದು ಮುಂದಿನ ಹಂತ. ಒಂದು ಮನೆಯಲ್ಲಿ ಎಂಟು ದಿನಕ್ಕೆ ಆಗುವುದು ಇನ್ನೊಂದರಲ್ಲಿ ಎರಡು ತಿಂಗಳಿಗೆ ಆಗಬಹುದು. ದೊಡ್ಡ ನಾಯಿಗೆ ಮುಂಚಿತವಾಗಿಯೇ ‘ಕೂರು’, ‘ಬಿಡು’, ‘ಬಾ’ ಎಂಬ ಮೂರು ಮಾತುಗಳು ಗಟ್ಟಿಯಾಗಿ ಬರಬೇಕು. ಬಾಯಿಕುಕ್ಕೆ ಹಾಕಿಸಿಕೊಳ್ಳುವ ಅಭ್ಯಾಸವನ್ನೂ ತಿಂಡಿ ಕೊಟ್ಟು ನಿಧಾನವಾಗಿ ಮಾಡಿಸಬಹುದು; ಆದರೆ ಕುಕ್ಕೆ ಹಾಕಿದ ನಾಯಿಯೂ ಮುಂಗಾಲಿನಿಂದ ಗಾಯ ಮಾಡಬಲ್ಲದು.

ಲಿಂಗದ ಆಯ್ಕೆಯೂ ಪರಿಣಾಮ ಬೀರುತ್ತದೆ. ಒಂದು ಗಂಡು, ಒಂದು ಹೆಣ್ಣು ಇರುವ ಜೋಡಿ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಒಂದೇ ಮನೆಯ ಎರಡು ಹೆಣ್ಣುನಾಯಿಗಳ ನಡುವೆ ಹಗೆ ಹುಟ್ಟಿದರೆ ಅದನ್ನು ಶಮನಗೊಳಿಸುವುದು ಬಹಳ ಕಷ್ಟ. ಗಂಡು ದೊಡ್ಡದು, ಹೆಣ್ಣು ಸಣ್ಣದು ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದೇ ಹೇಳಬೇಕು. ಆಕಸ್ಮಿಕವಾಗಿ ಗರ್ಭ ನಿಂತರೆ ಮರಿಗಳು ತಾಯಿಯ ಅಳತೆಗೆ ಮೀರಿ ಬೆಳೆದು ಹೆರಿಗೆ ಕಷ್ಟವಾಗಬಹುದು.

ಆಹಾರ

ಜೊತೆಸಾಕಣೆಯ ಮನೆಗಳಲ್ಲಿ ಜಗಳದ ಮೂಲ ಬಹುಮಟ್ಟಿಗೆ ತಟ್ಟೆಯೇ. ಇದನ್ನು ಈ ಭಾಗದ ಜನ ಹೊಸದಾಗಿ ಕಲಿಯಬೇಕಾಗಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಮಾಲತೇಶ ದೇವರ ಕ್ಷೇತ್ರ. ಮೈಲಾರ ಪರಂಪರೆಯಲ್ಲಿ ನಾಯಿ ದೇವರ ಪರಿವಾರಕ್ಕೆ ಸೇರಿದ ಪ್ರಾಣಿ. ಈ ಪರಂಪರೆಯ ಗೊರವರು ನಡೆಸುವ ದೋಣಿ ಸೇವೆಯಲ್ಲಿ ಭಕ್ತರು ದೋಣಿಯೆಂಬ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು ಮುಂತಾದವನ್ನು ಇಡುತ್ತಾರೆ. ಗೊರವರು ನಾಯಿಗಳಂತೆ ಬೊಗಳುತ್ತ, ಒಬ್ಬರನ್ನೊಬ್ಬರು ಗುರುಗುಟ್ಟುತ್ತ ಅದನ್ನು ಬಾಯಿಯಿಂದಲೇ ಸ್ವೀಕರಿಸುತ್ತಾರೆ. ಅದರ ಧಾರ್ಮಿಕ ಅರ್ಥ ಬೇರೆ. ಆದರೆ ತಟ್ಟೆಯ ಮುಂದೆ ನಾಯಿ ಹೇಗೆ ವರ್ತಿಸುತ್ತದೆ ಎಂಬುದನ್ನು ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರು ಎಂಬುದಕ್ಕೆ ಆ ಸೇವೆಯೇ ಸಾಕ್ಷಿ.

ಎರಡು ನಾಯಿಗಳಿಗೆ ಎರಡು ತಟ್ಟೆ ಸಾಲದು, ಎರಡು ಸ್ಥಳ ಬೇಕು. ನಡುವೆ ಮುಚ್ಚಿದ ಬಾಗಿಲು ಬೇಕು. ತಿಂದು ಮುಗಿಸಿದ ಮೇಲೆ ತಟ್ಟೆಗಳನ್ನು ತೊಳೆದು ಎತ್ತಿಟ್ಟ ನಂತರವೇ ಬಾಗಿಲು ತೆರೆಯಬೇಕು. ಖಾಲಿ ತಟ್ಟೆಯನ್ನೂ ನಾಯಿ ಕಾಯುತ್ತದೆ. ಎಲುಬು, ಗಂಟೆಗಟ್ಟಲೆ ಅಗಿಯುವ ವಸ್ತುಗಳನ್ನು ಒಟ್ಟಿಗಿರುವಾಗ ಕೊಡಲೇಬಾರದು. ಊಟದ ಹೊತ್ತಿನಲ್ಲಿ ಮನೆಯವರು ರೊಟ್ಟಿಯ ಚೂರನ್ನು ನೆಲಕ್ಕೆ ಎಸೆಯುವ ರೂಢಿ ಅಪಾಯಕರ: ಚೂರು ಒಂದು, ಓಡಿಬರುವ ಬಾಯಿ ಎರಡು, ಮುಂದೆ ತಲುಪುವುದು ಸಾಮಾನ್ಯವಾಗಿ ಚುರುಕಾದ ಸಣ್ಣ ನಾಯಿ, ಹಿಂದಿನಿಂದ ಬರುವುದು ದೊಡ್ಡ ದವಡೆ.

ಅಳತೆಯ ಪ್ರಶ್ನೆಯೂ ಇದೆ. ದೊಡ್ಡದರ ಪಾಲು ತಿನ್ನುವ ಸಣ್ಣ ನಾಯಿ ಬೇಗ ಬೊಜ್ಜು ಬೆಳೆಸಿಕೊಳ್ಳುತ್ತದೆ. ಪಗ್‌ಗೆ ಬೊಜ್ಜು ಎಂದರೆ ಉಸಿರಾಟದ ತೊಂದರೆ. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಮಿತಿಮೀರಿದರೆ ಎಲುಬಿನ ಬೆಳವಣಿಗೆ ಕೆಡುತ್ತದೆಯಾದ್ದರಿಂದ ಎರಡಕ್ಕೂ ಒಂದೇ ಚೀಲದ ಆಹಾರ ಹೊಂದದಿರಬಹುದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಚಾಕೊಲೇಟ್ ಕೂಡ ವಿಷ. ವಿಷದ ಪರಿಣಾಮ ದೇಹದ ತೂಕಕ್ಕೆ ತಕ್ಕಂತೆ ಆಗುವುದರಿಂದ, ದೊಡ್ಡ ನಾಯಿ ಅರಗಿಸಿಕೊಂಡ ಉಳ್ಳಾಗಡ್ಡಿ ಪಲ್ಯ ಸಣ್ಣದಕ್ಕೆ ಮುಳುವಾಗಬಹುದು. ‘ಅದಕ್ಕೇನೂ ಆಗಲಿಲ್ಲವಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ನೀರಿನ ಪಾತ್ರೆಗಳೂ ಕನಿಷ್ಠ ಎರಡಿರಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮನೆಯ ತಂಪಾದ ಮೂಲೆಯನ್ನು ದೊಡ್ಡ ನಾಯಿ ಆಕ್ರಮಿಸಿಕೊಂಡು ಸಣ್ಣದನ್ನು ಹತ್ತಿರ ಬರಗೊಡದಿರಬಹುದು.

ಮನೆಯ ವ್ಯವಸ್ಥೆ

ಹಾವೇರಿ ಭಾಗದ ಹಳೆಯ ಮನೆಗಳಿಗೆ ಮುಂದೆ ಕಟ್ಟೆ, ನಡುವೆ ಪಡಸಾಲೆ, ಹಿಂದೆ ಹಿತ್ತಲು ಇರುತ್ತವೆ. ಈ ರಚನೆ ಜೊತೆಸಾಕಣೆಗೆ ಅನುಕೂಲವಾದುದು. ನಾಯಿಗಳನ್ನು ಬೇರ್ಪಡಿಸಲು ಬಾಗಿಲುಗಳಿವೆ. ಹೊಸ ಬಡಾವಣೆಗಳ ಮೂವತ್ತು-ನಲವತ್ತರ ನಿವೇಶನದ ಮನೆಗಳಲ್ಲಿ ಈ ಸೌಕರ್ಯ ಕಡಿಮೆ. ಅಲ್ಲಿ ಮೆಟ್ಟಿಲ ಕೆಳಗಿನ ಜಾಗವನ್ನು ಸಣ್ಣ ನಾಯಿಯ ಆಶ್ರಯವಾಗಿ ಮಾಡಿ, ಸಣ್ಣದು ಮಾತ್ರ ನುಸುಳುವಷ್ಟು ಕಂಡಿಯುಳ್ಳ ಹಲಗೆಯನ್ನು ಅಡ್ಡ ಇಡಬಹುದು. ಓಡಿ ಸೇರಿಕೊಳ್ಳಲು ಒಂದು ಜಾಗವಿದೆ ಎಂಬುದು ತಿಳಿದಿದ್ದರೆ ಸಣ್ಣ ನಾಯಿ ಹಿಂದಿರುಗಿ ಕಚ್ಚುವುದು ಕಡಿಮೆಯಾಗುತ್ತದೆ.

ಹೊಸ್ತಿಲು, ಓಣಿ, ಮೆಟ್ಟಿಲು ಮುಂತಾದ ಇಕ್ಕಟ್ಟಾದ ಕಡೆಗಳಲ್ಲಿ ಜಗಳ ಹುಟ್ಟುವುದು ಹೆಚ್ಚು. ಗೇಟಿನ ಬಳಿ ಯಾರೋ ಬಂದಾಗ ಎರಡೂ ನಾಯಿಗಳು ಒಟ್ಟಿಗೆ ನುಗ್ಗುತ್ತವೆ. ಹೊರಗಿನವನನ್ನು ಮುಟ್ಟಲಾಗದ ಸಿಟ್ಟು ಪಕ್ಕದ ಸಂಗಾತಿಯ ಮೇಲೆ ತಿರುಗುತ್ತದೆ. ಕರೆಗಂಟೆ ಬಾರಿಸಿದಾಗ ಒಂದು ನಾಯಿ ತನ್ನ ಜಾಗಕ್ಕೆ ಹೋಗಿ ಕೂರುವ ಅಭ್ಯಾಸ ಮಾಡಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಸರಪಳಿಯ ವಿಚಾರವನ್ನು ಇಲ್ಲಿ ಬಿಡಿಸಿ ಹೇಳಬೇಕು. ದೊಡ್ಡ ನಾಯಿಯನ್ನು ಹಗಲೆಲ್ಲ ಹಿತ್ತಲಿನ ಕಂಬಕ್ಕೆ ಕಟ್ಟಿಹಾಕಿ, ಸಣ್ಣ ನಾಯಿಯನ್ನು ಮನೆತುಂಬ ಓಡಾಡಲು ಬಿಟ್ಟರೆ ಇಬ್ಬರೂ ಸುರಕ್ಷಿತ ಎಂಬುದು ಬಹುಜನರ ಎಣಿಕೆ. ವಾಸ್ತವ ಇದಕ್ಕೆ ವಿರುದ್ಧ. ಕಟ್ಟಿಹಾಕಿದ ನಾಯಿಗೆ ಸರಪಳಿಯ ಸುತ್ತಳತೆಯೇ ಜಗತ್ತು. ಆ ವೃತ್ತದೊಳಗೆ ಬಂದ ಯಾವುದೂ ಅದಕ್ಕೆ ಅತಿಕ್ರಮಣ. ದಿನವಿಡೀ ತನ್ನ ಕಣ್ಣೆದುರು ಓಡಾಡುವ, ಮನೆಯವರ ಮುದ್ದು ಪಡೆಯುವ, ಬೊಗಳಿ ಕೆಣಕುವ ಸಣ್ಣ ನಾಯಿಯ ಮೇಲೆ ಅದರ ಉದ್ವೇಗ ಕೂಡುತ್ತ ಹೋಗುತ್ತದೆ. ಸರಪಳಿಯ ಅಳತೆಯನ್ನು ಸಣ್ಣದು ಒಂದು ದಿನ ತಪ್ಪು ಲೆಕ್ಕ ಹಾಕುತ್ತದೆ. ಇಲ್ಲವೇ ಕೊಂಡಿ ಕಳಚುತ್ತದೆ. ನಾಯಿಯನ್ನು ಅತಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಹಾಕುವುದು, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧವೂ ಹೌದು. ಬೇಲಿ ಹಾಕಿದ ಆವರಣ, ದಿನಕ್ಕೆ ಎರಡು ಬಾರಿ ಸಾಕಷ್ಟು ನಡಿಗೆ, ಮನೆಯವರ ಸಾಮೀಪ್ಯದ ನಿಗದಿತ ವೇಳೆ ಇವು ಸರಪಳಿಗಿಂತ ಮೇಲಾದ ಕಾವಲು.

ಮನೆಯಲ್ಲಿ ಯಾರೂ ಇಲ್ಲದಾಗ ಇಂತಹ ಜೋಡಿಯನ್ನು ಒಟ್ಟಿಗೆ ಬಿಟ್ಟುಹೋಗಬಾರದು. ಐದು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದರೂ ಈ ನಿಯಮ ಬದಲಾಗುವುದಿಲ್ಲ. ಮದುವೆಗೆ, ಸಂತೆಗೆ, ಹೊಲಕ್ಕೆ ಹೋಗುವ ಮೊದಲು ನಡುವಿನ ಬಾಗಿಲು ಹಾಕುವುದಕ್ಕೆ ಒಂದು ನಿಮಿಷ ಸಾಕು.

ಋತು ಮತ್ತು ಹಬ್ಬಗಳು

ದೀಪಾವಳಿಯ ಪಟಾಕಿ ಎಲ್ಲ ಊರಿನ ನಾಯಿಗಳಿಗೂ ಕಷ್ಟವೇ. ಹಾವೇರಿ ಜಿಲ್ಲೆಯಲ್ಲಿ ಇದಕ್ಕೆ ಹೋರಿ ಬೆದರಿಸುವ ಸ್ಪರ್ಧೆಗಳೂ ಸೇರುತ್ತವೆ. ಕೊಬ್ಬರಿ ಹಾರ, ಬಲೂನುಗಳಿಂದ ಸಿಂಗರಿಸಿದ ಹೋರಿಗಳು ಓಡುವಾಗ ಜನರ ಕೇಕೆ, ಸಿಳ್ಳೆ, ವಾದ್ಯಗಳ ಸದ್ದು ಹಬ್ಬದ ನಂತರವೂ ಊರಿಂದೂರಿಗೆ ಮುಂದುವರಿಯುತ್ತದೆ. ಹೆದರಿದ ದೊಡ್ಡ ನಾಯಿ ಅಡಗುವ ಜಾಗ ಹುಡುಕುತ್ತ ಸಣ್ಣದು ಈಗಾಗಲೇ ಸೇರಿಕೊಂಡಿರುವ ಮಂಚದ ಕೆಳಗೆ ನುಗ್ಗುತ್ತದೆ. ಭಯದಲ್ಲಿರುವ ಎರಡು ಪ್ರಾಣಿಗಳು ಇಕ್ಕಟ್ಟಿನಲ್ಲಿ ಸಿಲುಕುವುದರಿಂದ ಕಚ್ಚಾಟವಾಗುತ್ತದೆ. ಅಂತಹ ದಿನಗಳಲ್ಲಿ ಮುಂಚಿತವಾಗಿಯೇ ಬೇರೆ ಕೋಣೆಗಳಲ್ಲಿ ಇರಿಸಿ, ಕಿಟಕಿ ಮುಚ್ಚಿ, ಫ್ಯಾನಿನ ಅಥವಾ ರೇಡಿಯೊದ ಸದ್ದು ಇರುವಂತೆ ಮಾಡುವುದು ಉತ್ತಮ.

ಬ್ಯಾಡಗಿ ಮೆಣಸಿನಕಾಯಿಯ ಪೇಟೆ; ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಇದರ ಖ್ಯಾತಿಯಾದರೂ ಸುಗ್ಗಿಯ ಕಾಲದಲ್ಲಿ ಪೇಟೆಯ ಸುತ್ತಿನ ಘಾಟು ಮನುಷ್ಯರನ್ನೇ ಕೆಮ್ಮಿಸುತ್ತದೆ. ನಾಯಿಯ ಮೂಗು ಇನ್ನೂ ಸೂಕ್ಷ್ಮ. ಚಪ್ಪಟೆ ಮುಖದ ಸಣ್ಣ ನಾಯಿಗಳನ್ನು ಅಂಗಳದಲ್ಲಿ ಕಾಯಿ ಒಣಗಿಸುವಾಗ, ತುಂಬು ತೆಗೆಯುವಾಗ ಒಳಗೆ ಇಡಬೇಕು.

ಕಾದಾಟ ಬಿಡಿಸುವುದು ಮತ್ತು ಚಿಕಿತ್ಸೆ

ಕಾದಾಟ ನಡೆಯುವಾಗ ಕೈಯನ್ನು ಎರಡು ಬಾಯಿಗಳ ನಡುವೆ ಹಾಕಬಾರದು. ಸಾಕಿದವರಿಗೆ ಆಗುವ ಎಷ್ಟೋ ಗಾಯಗಳು ಹೀಗೆ ಬಿಡಿಸಲು ಹೋಗಿ ಆದವು. ಬಕೆಟ್ ನೀರು ಮುಖಕ್ಕೆ ಎರಚುವುದು, ನಡುವೆ ಹಲಗೆ, ಕುರ್ಚಿ ಅಥವಾ ಚಾಪೆ ತಳ್ಳುವುದು, ದಪ್ಪ ಕಂಬಳಿ ಮೇಲೆ ಎಸೆಯುವುದು ಮೊದಲ ಉಪಾಯಗಳು. ಇವು ಫಲಿಸದಿದ್ದರೆ ದೊಡ್ಡ ನಾಯಿಯ ಹಿಂಗಾಲುಗಳನ್ನು ತೊಡೆಯ ಬಳಿ ಹಿಡಿದು ಮೇಲೆತ್ತಿ ಹಿಂದಕ್ಕೆ ನಡೆಸಬಹುದು. ಆದರೆ ಅದು ಕಚ್ಚಿ ಹಿಡಿದಿರುವಾಗ ಜಗ್ಗಿದರೆ ಸಣ್ಣದರ ಮಾಂಸ ಹರಿಯುತ್ತದೆ. ಬಾಯಿ ಬಿಟ್ಟ ಕ್ಷಣಕ್ಕೆ ಕಾಯಬೇಕು. ಹೊಡೆಯುವುದು, ಕೂಗಾಡುವುದು ಉದ್ರೇಕವನ್ನು ಹೆಚ್ಚಿಸುತ್ತವೆ. ಬಿಡಿಸಿದೊಡನೆ ಸಣ್ಣ ನಾಯಿಯನ್ನು ಎತ್ತಿ ಹಿಡಿಯದೆ, ದೊಡ್ಡದನ್ನು ಮೊದಲು ಬಾಗಿಲಿನ ಆಚೆ ಹಾಕಬೇಕು.

ಗಾಯದ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. ದೊಡ್ಡ ನಾಯಿಯ ಕೋರೆಹಲ್ಲು ಚರ್ಮದಲ್ಲಿ ಎರಡು ಸಣ್ಣ ತೂತು ಮಾತ್ರ ಮಾಡಿರುತ್ತದೆ. ಒದರಿದ ರಭಸಕ್ಕೆ ಒಳಗೆ ಚರ್ಮ ಮಾಂಸದಿಂದ ಬೇರ್ಪಟ್ಟು, ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ನಾಯಿ ಎದ್ದು ಬಾಲ ಅಲ್ಲಾಡಿಸಿದೆಯೆಂದು ಅರಿಸಿನ ಹಚ್ಚಿ ಮಲಗಿಸಿದರೆ ಬೆಳಗಾಗುವುದರೊಳಗೆ ಅದು ಕೈಬಿಟ್ಟುಹೋಗಬಹುದು. ವಸಡು ಬಿಳಿಚಿಕೊಂಡಿರುವುದು, ಉಸಿರು ಮೇಲಿಂದ ಮೇಲೆ ಬರುವುದು, ಹೊಟ್ಟೆ ಉಬ್ಬುವುದು, ಹಿಂಗಾಲು ಎಳೆಯುವುದು ಅಪಾಯದ ಲಕ್ಷಣಗಳು. ಲಕ್ಷಣವಿರಲಿ, ಇಲ್ಲದಿರಲಿ, ಸಣ್ಣ ನಾಯಿಗೆ ದೊಡ್ಡದು ಕಚ್ಚಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಗಾಯಗೊಂಡದ್ದನ್ನು ಗಟ್ಟಿಯಾದ ಹಲಗೆ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಒಯ್ಯುವುದು ಸರಿಯಾದ ಕ್ರಮ; ಚಿಕಿತ್ಸೆಗೆ ಮೊದಲು ನೀರು, ಆಹಾರ ಕೊಡಬಾರದು. ಮನುಷ್ಯರ ನೋವುನಿವಾರಕ ಮಾತ್ರೆಗಳನ್ನು ಕೊಡಲೇಬಾರದು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗ ಅಥವಾ ಗದಗದ ಪಶುವೈದ್ಯಕೀಯ ಕಾಲೇಜುಗಳನ್ನು ಸಂಪರ್ಕಿಸಬಹುದು.

ಬಿಡಿಸುವಾಗ ಮನುಷ್ಯರಿಗೆ ಕಚ್ಚಿದ್ದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸ್ವಂತ ನಾಯಿ, ಲಸಿಕೆ ಹಾಕಿಸಿದ್ದೇವೆ ಎಂದು ವೈದ್ಯರ ಸಲಹೆಯನ್ನು ಬಿಡಬಾರದು. ಸಾಕುನಾಯಿಗಳಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ ವರ್ಷವರ್ಷವೂ ಮುಂದುವರಿಸುವುದು ವಾಡಿಕೆ. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಸುಮಾರಿಗೆ ಲಸಿಕಾ ಶಿಬಿರಗಳು ನಡೆಯುವುದುಂಟು.

ಉಣ್ಣೆಯ ಔಷಧದಲ್ಲಿಯೂ ಗಾತ್ರದ ಎಚ್ಚರ ಬೇಕು. ದೊಡ್ಡ ನಾಯಿಗೆ ತಂದ ಔಷಧದ ಉಳಿಕೆಯನ್ನು ಸಣ್ಣದಕ್ಕೆ ಹಚ್ಚುವುದು, ದನಗಳಿಗೆ ಬಳಸುವ ಉಣ್ಣೆನಾಶಕವನ್ನು ಅಂದಾಜಿನಲ್ಲಿ ಬೆರೆಸಿ ಎರಡಕ್ಕೂ ಸುರಿಯುವುದು ವಿಷಬಾಧೆಗೆ ದಾರಿ. ಒಂದು ಇನ್ನೊಂದರ ಮೈ ನೆಕ್ಕುವುದರಿಂದ ಔಷಧ ಒಣಗುವವರೆಗೆ ಬೇರೆ ಬೇರೆ ಇಡಬೇಕು.

ವಯಸ್ಸಾದ ನಾಯಿಗಳು

ಸಣ್ಣ ತಳಿಗಳು ಹದಿನಾಲ್ಕು ಹದಿನೈದು ವರ್ಷ ಬಾಳುವುದು ಅಪರೂಪವಲ್ಲ. ದೊಡ್ಡ ತಳಿಗಳ ಆಯುಸ್ಸು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ. ಹೀಗಾಗಿ ಒಂದು ಸಣ್ಣ ನಾಯಿಯ ಬಾಳಿನಲ್ಲಿ ಎರಡು ದೊಡ್ಡ ನಾಯಿಗಳು ಬಂದುಹೋಗಬಹುದು. ಮುಪ್ಪಿನಲ್ಲಿ ಕಣ್ಣು, ಕಿವಿ ಮಂದವಾದ ಸಣ್ಣ ನಾಯಿ ದೊಡ್ಡದರ ಎಚ್ಚರಿಕೆಯ ಗುರುಗುಟ್ಟುವಿಕೆಯನ್ನು ಕೇಳಲಾರದೆ ಅದರ ಮೇಲೆಯೇ ಎಡವಿ ಬೀಳುತ್ತದೆ. ಇಷ್ಟು ವರ್ಷ ಶಾಂತವಾಗಿದ್ದ ಜೋಡಿಯಲ್ಲಿ ಈ ಹಂತದಲ್ಲಿ ಕಚ್ಚಾಟ ಕಾಣಿಸಿಕೊಳ್ಳಬಹುದು. ಕೀಲುನೋವಿರುವ ಮುದಿ ದೊಡ್ಡ ನಾಯಿಯೂ ಮೈಮೇಲೆ ಹಾರುವ ಸಣ್ಣ ಮರಿಯನ್ನು ಸಹಿಸದಿರಬಹುದು. ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಶಿಕ್ಷಿಸುವ ಮೊದಲು ನೋವು ಇದೆಯೇ ಎಂದು ವೈದ್ಯರಿಂದ ಪರೀಕ್ಷಿಸಬೇಕು.

ಕಾನೂನು

ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್‌ನಲ್ಲಿ ರಾಟ್‌ವೈಲರ್ ಸೇರಿದಂತೆ 23 ತಳಿಗಳ ಸಾಕಣೆ, ಮಾರಾಟಗಳನ್ನು ನಿರ್ಬಂಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯ ಅದೇ ವರ್ಷದ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ತಳಿ ಯಾವುದೇ ಆಗಿರಲಿ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಶಿಕ್ಷಾರ್ಹ. ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮನರಂಜನೆಗಾಗಿ ಪ್ರಾಣಿಗಳನ್ನು ಪರಸ್ಪರ ಕಾದಾಡಲು ಪ್ರಚೋದಿಸುವುದು 1960ರ ಕಾಯ್ದೆಯಡಿ ಅಪರಾಧ. ‘ನೋಡೋಣ, ಯಾವುದು ಗೆಲ್ಲುತ್ತದೆ’ ಎಂದು ಓಣಿಯ ಹುಡುಗರು ಮನೆಯ ನಾಯಿಗಳಿಗೆ ಛೂ ಬಿಡುವುದೂ ಇದರಲ್ಲಿ ಸೇರುತ್ತದೆ.